ತವರಿಗೆ ಹೋದರೆ ವಾಸಿಯಾಗುವ ಉಬ್ಬಸ

ಹೊಗೆ ಹಾಕಿ ಕೂದಲು ಒಣಗಿಸುವುದು ಹೇಗೆಂದು ಯಾರಾದರೂ ಕೇಳಿದರೆ ನನ್ನಷ್ಟು ಸರಿಯಾಗಿ ಹೇಳುವವರು ಸಾಗರದ ಪೇಟೆಯಲ್ಲಿ ಸಿಗಲಿಕ್ಕಿಲ್ಲ. ಮೊದಲು ಬಚ್ಚಲ ಒಲೆಯಿಂದ ನಾಲ್ಕು ಒಳ್ಳೆಯ ಕೆಂಡ ತೆಗೆದು ಅಗ್ಗಿಷ್ಟಿಕೆಗೆ ಹಾಕಬೇಕು. ಕೆಂಡದ ಮೇಲೆ ಹಾಲುಮಡ್ಡಿ ಧೂಪದ ಪುಡಿ, ಒಂದು ಚಿಟಿಕೆ ಸಾಂಬ್ರಾಣಿ ಉದುರಿಸಬೇಕು. ಅದರ ಮೇಲೆ ಕಣ್ಣು ಕಣ್ಣಾಗಿ ಹೆಣೆದ ಬೆತ್ತದ ಬುಟ್ಟಿಯನ್ನು ಬೋರಲು ಹಾಕಬೇಕು. ತಲೆ ಮಿಂದವಳು ಚಾಪೆಯ ಮೇಲೆ ಅಂಗಾತ ಮಲಗಿ ಕೂದಲನ್ನು ಬುಟ್ಟಿಯ ಮೇಲೆ ಹರವಬೇಕು. ಇನ್ನೊಬ್ಬರು ಪಕ್ಕದಲ್ಲಿ ಕೂತು ಬೆರಳಿನಿಂದ ಸಿಕ್ಕು ಬಿಡಿಸುತ್ತ, ಎಳೆ ಎಳೆಯಾಗಿ ತಿರುವುತ್ತ ಹೋಗಬೇಕು. ಅರ್ಧ ಗಂಟೆಯಲ್ಲಿ ಕೂದಲು ರೇಷ್ಮೆಯ ಹಾಗೆ ನುಣುಪಾಗುತ್ತದೆ, ಹಗುರಾಗುತ್ತದೆ, ಕೈಯಲ್ಲಿ ಎತ್ತಿ ಬಿಟ್ಟರೆ ಪುಟಿಯುತ್ತದೆ. ಇದೇ ವಿದ್ಯೆ ನನ್ನನ್ನು ಇಪ್ಪತ್ತೆರಡನೆಯ ವಯಸ್ಸಿಗೆ ಕೊಲ್ಲುವುದರಲ್ಲಿತ್ತು.

ಉಬ್ಬಸದವರು ಸಿಟ್ಟು ಮಾಡಿಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದಾರೆ. ಹಾಗೆಂದು ಸಿಟ್ಟನ್ನು ಪಕ್ಕಕ್ಕಿಟ್ಟು ಬರೆಯಲು ಕೂತರೆ ನನಗೆ ಒಂದು ಸಾಲೂ ಬರುವುದಿಲ್ಲ. ಎದೆಯೊಳಗೆ ಗಾಳಿ ಹೋಗದೆ ಒದ್ದಾಡುವ ಹೆಂಗಸನ್ನು ನೋಡಿ ಇದು ನಾಟಕ ಎಂದವರನ್ನು ನಾನು ಕಂಡಿದ್ದೇನೆ. ಅಂಥ ಮಾತು ಕೇಳಿಸಿಕೊಂಡ ಇನ್ನೊಬ್ಬಳು ಈಗ ಯಾವುದೋ ಊರಿನಲ್ಲಿ ಗೋಡೆಗೆ ಒರಗಿ ಕೂತಿರಬಹುದು. ಅವಳಿಗಾಗಿ ಬರೆಯುತ್ತಿದ್ದೇನೆ.

ನನ್ನ ತವರು ತೀರ್ಥಹಳ್ಳಿ. ಮದುವೆಯಾಗಿ ಬಂದದ್ದು ಸಾಗರಕ್ಕೆ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ನಮ್ಮ ಮನೆಯವರು ಒಂದು ಖಾಸಗಿ ಮೋಟಾರು ಕಂಪನಿಯ ಬುಕಿಂಗ್ ಆಫೀಸಿನಲ್ಲಿ ಟಿಕೆಟ್ ಬರೆಯುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆ ಮೂವತ್ತೊಂದನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಆಗಿನ ನಮ್ಮವರ ಪದ್ಧತಿಯಂತೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಮಡಿಗೆ ಕೂರಿಸಿದ್ದರು. ತಿಂಗಳಿಗೊಮ್ಮೆ ಕ್ಷೌರದ ತಿಮ್ಮಪ್ಪ ಹಿತ್ತಲ ಬಾಗಿಲಿಗೆ ಬಂದು ಹೋಗುತ್ತಿದ್ದ. ಆ ಹೊತ್ತಿನಲ್ಲಿ ನಾನು ಹಿತ್ತಲಿಗೆ ಹೋಗಬಾರದು ಎಂದು ಯಾರೂ ಹೇಳಿರಲಿಲ್ಲ, ಆದರೂ ನಾನು ಹೋಗುತ್ತಿರಲಿಲ್ಲ.

ನನ್ನ ಕೂದಲು ಮೊಣಕಾಲು ಮುಟ್ಟುತ್ತಿತ್ತು. ಮನೆ ತುಂಬಿದ ಮೊದಲ ಶುಕ್ರವಾರ ಅತ್ತೆ ನನ್ನ ಜಡೆ ಬಿಚ್ಚಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ, ಮೊದಲು ಇದ್ದ ಹೊಸನಗರದ ಮನೆಯಿಂದ ತಂದಿದ್ದ ಪೆಟ್ಟಿಗೆಗಳ ಹಿಂದಿನಿಂದ ಒಂದು ಹಳೆಯ ಬೆತ್ತದ ಬುಟ್ಟಿ ಎಳೆದು, ಜೇಡರ ಬಲೆ ಒರೆಸಿ, ಹೊರಗೆ ತಂದರು. ಅಂದಿನಿಂದ ಮಂಗಳವಾರ, ಶುಕ್ರವಾರ ತಪ್ಪದೆ ನನ್ನ ತಲೆ ಆ ಬುಟ್ಟಿಯ ಮೇಲೆ.

ಮಡಿಯಲ್ಲಿರುವವರು ನಮ್ಮಂಥವರ ತಲೆ ಮುಟ್ಟಿದರೆ ಮತ್ತೆ ಮೀಯಬೇಕು. ನನ್ನ ಕೂದಲು ಒಣಗಿಸಿದ ದಿನವೆಲ್ಲ ಅತ್ತೆ ಎರಡೆರಡು ಸಲ ತಣ್ಣೀರು ಸುರಿದುಕೊಳ್ಳುತ್ತಿದ್ದರು. ಬೋಳು ತಲೆಯವರು ಮುತ್ತೈದೆಯ ಕೂದಲಿಗೆ ಕೈ ಹಾಕುವುದೇ ಸರಿಯಲ್ಲ ಎಂದು ನೆಂಟರು ಗೊಣಗಿದ್ದರು. ಏಕಾದಶಿಯ ದಿನ ಒಂದು ತೊಟ್ಟು ನೀರಿಗೂ ಶಾಸ್ತ್ರ ನೋಡುತ್ತಿದ್ದ ಅತ್ತೆ ಇದೊಂದು ವಿಷಯದಲ್ಲಿ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಮನೆಯ ಹೆಂಗಸರು ಬಂದು ನನ್ನ ಜಡೆಯನ್ನು ಅಂಗೈಯಲ್ಲಿ ತೂಗಿ ನೋಡುತ್ತಿದ್ದರು. ನನಗೂ ಅದು ಇಷ್ಟವಾಗಿತ್ತು. ಸುಳ್ಳೇಕೆ ಹೇಳಲಿ, ಮೊದಲ ಆರು ತಿಂಗಳು ನಾನು ಮಂಗಳವಾರಕ್ಕೆ ಕಾಯುತ್ತಿದ್ದೆ.

ಮಳೆಗಾಲ ಹಿಡಿಯಿತು. ಒಂದು ದಿನ ಬುಟ್ಟಿಯಿಂದ ಎದ್ದವಳಿಗೆ ಕೆಮ್ಮು ಬಂತು, ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಎದೆಯಲ್ಲಿ ಬೆಕ್ಕಿನ ಮರಿ ಕೂತ ಹಾಗೆ ಸುಯ್ ಸುಯ್ ಎಂಬ ಸದ್ದು. ಮಲಗಿದರೆ ಉಸಿರಿಲ್ಲ, ಕೂತರೆ ಅರ್ಧ ಉಸಿರು. ಅತ್ತೆ ನನ್ನ ನೆತ್ತಿ ಮುಟ್ಟಿ ನೋಡಿದರು, ಕಾರಣ ಸಿಕ್ಕೇಬಿಟ್ಟಿತು.

"ಬುಡ ಇನ್ನೂ ಹಸಿ ಇದೆ ನೋಡು. ಅದೇ ಥಂಡಿ ಎದೆಗೆ ಇಳ್ದಿದೆ. ತಾಳು, ಇನ್ನೊಂದು ಸ್ವಲ್ಪ ಹೊಗೆ ಕೊಡ್ತೀನಿ."

ಅಲ್ಲಿಂದ ಶುರುವಾಯಿತು ನೋಡಿ. ಕೂದಲು ಒಣಗದ್ದರಿಂದ ಉಬ್ಬಸ, ಉಬ್ಬಸಕ್ಕೆ ಮದ್ದಾಗಿ ಹೊಗೆ, ಹೊಗೆ ಹಾಕಿದ ಮೇಲೆ ಇನ್ನೂ ಜೋರು ಉಬ್ಬಸ, ಅದಕ್ಕೆ ಇನ್ನೂ ನಾಲ್ಕು ಕೆಂಡ. ಅರ್ಧ ಗಂಟೆಯ ಬುಟ್ಟಿ ಒಂದು ಗಂಟೆಯಾಯಿತು. ವಾರಕ್ಕೆ ಎರಡು ದಿನ ಇದ್ದದ್ದು ಮೂರಾಯಿತು. ಹಾಲುಮಡ್ಡಿ ಸಾಲದೆಂದು ಯಾರೋ ಹೇಳಿ ಅದಕ್ಕೆ ಓಮವೂ ಸೇರಿತು. ಮನೆಯಲ್ಲಿ ಮೂರು ಜನ ಬುದ್ಧಿ ಇದ್ದವರಿದ್ದೆವು, ನನ್ನನ್ನೂ ಸೇರಿಸಿ. ಒಬ್ಬರಿಗೂ ಹೊಳೆಯಲಿಲ್ಲ. ಬುಟ್ಟಿಯ ಮೇಲೆ ಮಲಗಿ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, ಬೇಗ ಒಣಗಲಿ ದೇವರೇ ಎಂದು ನಾನೇ ಬೇಡಿಕೊಳ್ಳುತ್ತಿದ್ದೆ.

ಪೇಟೆಯಲ್ಲಿ ಒಬ್ಬ ಡಾಕ್ಟರಿದ್ದರು. ಈಗ ಅವರಿಲ್ಲ, ಹೆಸರು ಬೇಡ. ಅವರ ಷಾಪಿನ ಎದುರಿಗೆ ಎರಡು ಉದ್ದನೆಯ ಬೆಂಚು. ಗಂಡಸರಿಗೊಂದು, ಹೆಂಗಸರಿಗೊಂದು. ಗಂಡಸರ ಬೆಂಚು ಖಾಲಿಯಾಗುವವರೆಗೆ ಹೆಂಗಸರ ಬೆಂಚಿನಿಂದ ಕರೆಯುತ್ತಿರಲಿಲ್ಲ. ಅಣೆಕಟ್ಟಿನ ಕೆಲಸದಲ್ಲಿ ಕೈ ಜಜ್ಜಿಸಿಕೊಂಡವರು, ಚಳಿಜ್ವರದವರು ದಿನವೂ ಬರುತ್ತಿದ್ದರಿಂದ ಆ ಬೆಂಚು ಖಾಲಿಯಾಗುತ್ತಲೂ ಇರಲಿಲ್ಲ. ನಾನು ಎರಡು ಕೈಯನ್ನೂ ಬೆಂಚಿಗೆ ಊರಿ, ಭುಜ ಎತ್ತಿ, ಬಾಯಿ ತೆರೆದುಕೊಂಡು ಕೂತಿರುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕಿ, ಯಾರ ಮನೆಯವಳೋ ಗೊತ್ತಿಲ್ಲ, ಏನೂ ಕೇಳದೆ ತನ್ನ ಬೆನ್ನನ್ನು ನನ್ನ ಬೆನ್ನಿಗೆ ಕೊಟ್ಟು ಕೂತಳು. ಒರಗಿಕೊಂಡಾಗ ಒಂದಿಷ್ಟು ಗಾಳಿ ಒಳಗೆ ಹೋಯಿತು. ಅವಳ ಮುಖ ನೆನಪಿಲ್ಲ, ಬೆನ್ನಿನ ಬಿಸಿ ಇನ್ನೂ ನೆನಪಿದೆ.

ಒಳಗೆ ಹೋದರೆ ಡಾಕ್ಟರು ಸಿಗರೇಟು ಸೇದುತ್ತ ನನ್ನ ಎದೆಗೆ ಕೊಳವೆ ಇಟ್ಟರು. ಮಾತಾಡಿದ್ದು ಮಾತ್ರ ನಮ್ಮ ಮನೆಯವರ ಹತ್ತಿರ. ನರಗಳ ದೌರ್ಬಲ್ಯ, ಹೊಸದಾಗಿ ಮದುವೆಯಾದವರಿಗೆ ಹೀಗಾಗುತ್ತದೆ, ಒಂದು ಮಗುವಾದರೆ ತಾನಾಗಿ ಹೋಗುತ್ತದೆ ಎಂದರು. ಕೆಂಪು ಬಣ್ಣದ ಒಂದು ಔಷಧಿ ಕೊಟ್ಟರು. ನಾಲ್ಕು ತಿಂಗಳು ಅದನ್ನು ಕುಡಿದೆ. ನಮ್ಮ ಮನೆಯವರಿಗೆ ನಾನು ಬೇರೆ ಕಡೆ ತೋರಿಸೋಣ ಎಂದಾಗಲೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು, "ನೋಡಾಣ." ಅವರು ಕೆಟ್ಟವರಲ್ಲ. ಯಾರ ಮೇಲೂ ಕೈ ಎತ್ತಿದವರಲ್ಲ, ಧ್ವನಿ ಎತ್ತಿದವರಲ್ಲ. ಆದರೆ ಅವರ "ನೋಡಾಣ" ಕೇಳಿದಾಗ ನನಗೆ ಕೈಗೆ ಸಿಕ್ಕಿದ್ದನ್ನು ಎಸೆಯಬೇಕೆನಿಸುತ್ತಿತ್ತು. ಒಮ್ಮೆ ಸೌಟು ಎಸೆದಿದ್ದೇನೆ, ತಾಗಲಿಲ್ಲ.

ದೀಪಾವಳಿಗೆ ತವರಿಗೆ ಹೋದೆ. ತೀರ್ಥಹಳ್ಳಿಯಲ್ಲಿ ಬಸ್ಸಿನಿಂದ ಇಳಿಯುವಾಗ ನನ್ನನ್ನು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಐದನೆಯ ದಿನ ನಾನು ಹೊಳೆಗೆ ಇಳಿದು ಬಟ್ಟೆ ಒಗೆದು, ಬಕೆಟ್ಟು ಹೊತ್ತು ಮೆಟ್ಟಿಲು ಹತ್ತಿ ಬಂದೆ. ಹತ್ತನೆಯ ದಿನ ಸದ್ದೂ ಇಲ್ಲ, ಕೆಮ್ಮೂ ಇಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಸಾಗರಕ್ಕೆ ವಾಪಸು ಬಂದ ಮೊದಲ ಶುಕ್ರವಾರದ ಸಂಜೆಗೆ ಮತ್ತೆ ಗೋಡೆ ಹಿಡಿದು ಕೂತೆ.

ಹೀಗೆ ಮೂರು ಸಲ ಆಯಿತು. ಮೂರನೆಯ ಸಲಕ್ಕೆ ಕಾಯಿಲೆಗೆ ಹೆಸರು ಬಿತ್ತು. ಹೆಸರಿಟ್ಟವರು ನಮ್ಮ ಮನೆಯವರ ದೊಡ್ಡಪ್ಪ. ಹೊಸನಗರದಲ್ಲಿ ಇದ್ದರು, ತಂದೆಯಿಲ್ಲದ ನಮ್ಮ ಮನೆಯವರನ್ನು ಓದಿಸಿದವರು, ಮನೆಯ ಯಾವ ವಿಷಯಕ್ಕೂ ಕೊನೆಯ ಮಾತು ಅವರದ್ದು. ಬಂದು, ಜಗಲಿಯ ಮೇಲೆ ಕೂತು, ನನಗೆ ಕೇಳುವಂತೆ ಹೇಳಿದರು.

"ಇದು ತವರು ಕಾಯ್ಲೆ. ಬಸ್ ಹತ್ತಿದ್ರೆ ವಾಸಿ, ಇಳಿದ್ರೆ ಶುರು. ಅಲ್ಲೇ ಗುಣ ಆಗೋದಾದ್ರೆ ಅಲ್ಲೇ ಇರ್ಲಿ ಬಿಡು."

ಬೀದಿಯಲ್ಲೆಲ್ಲ ಆ ಮಾತು ಹಬ್ಬಿತು. ಜಡೆ ತೂಗಿ ನೋಡುತ್ತಿದ್ದ ಹೆಂಗಸರು ಈಗ ಕಣ್ಣು ಕಣ್ಣು ನೋಡಿಕೊಂಡು ನಗುತ್ತಿದ್ದರು. ಅದೂ ಹೋಗಲಿ. ನಾಲ್ಕನೆಯ ಸಲ ತೀರ್ಥಹಳ್ಳಿಗೆ ಹೋದಾಗ ನನ್ನ ಅಮ್ಮ, ನನ್ನನ್ನು ಹೆತ್ತ ಅಮ್ಮ, ಬಾಗಿಲು ಹಾಕಿಕೊಂಡು ಮೆಲ್ಲಗೆ ಕೇಳಿದಳು. ಗಂಡನ ಮನೆಯಲ್ಲಿ ಏನಾದರೂ ತೊಂದರೆಯಿದ್ದರೆ ಬಾಯಿ ಬಿಟ್ಟು ಹೇಳಿಬಿಡು, ಈ ವೇಷ ಯಾಕೆ ಎಂದಳು. ಆ ದಿನ ನಾನು ಅತ್ತ ಹಾಗೆ ಯಾವತ್ತೂ ಅತ್ತಿಲ್ಲ. ಉಸಿರು ಸಿಗದಿದ್ದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ. ಹತ್ತು ದಿನಕ್ಕೆ ವಾಸಿಯಾಗುವ ದೇಹವನ್ನು ಹೊತ್ತುಕೊಂಡು, ನಾನೇ ಏನೋ ಮಾಡುತ್ತಿದ್ದೇನೇನೋ ಎಂದು ನನಗೇ ಅನುಮಾನ ಹುಟ್ಟಿಬಿಟ್ಟಿತ್ತು.

ಅಮ್ಮ ತನ್ನ ಮಾತಿಗೆ ತಾನೇ ನೊಂದು, ಮಾರನೆಯ ದಿನ ನನ್ನನ್ನು ಊರಿಗೆ ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಮೈಸೂರಿನ ಕಡೆಯವರು, ಮೂವತ್ತರ ಆಸುಪಾಸಿನವರು. ಅವರ ಷಾಪಿನಲ್ಲಿ ಇದ್ದದ್ದು ಒಂದೇ ಬೆಂಚು. ನನ್ನನ್ನೇ ಎದುರಿಗೆ ಕೂರಿಸಿಕೊಂಡು ನನ್ನನ್ನೇ ಕೇಳಿದರು. ಸಾಗರಕ್ಕೂ ತೀರ್ಥಹಳ್ಳಿಗೂ ಏನು ವ್ಯತ್ಯಾಸ, ಯೋಚನೆ ಮಾಡಿ ಹೇಳಿ ಎಂದರು. ಒಲೆ ಎರಡೂ ಕಡೆ ಇದೆ, ಮಳೆ ಎರಡೂ ಕಡೆ ಇದೆ, ಊಟ ಹೆಚ್ಚು ಕಡಿಮೆ ಒಂದೇ. ನಾನು ಬೆರಳು ಮಡಿಸಿ ಎಣಿಸುತ್ತಿರುವಾಗ ಅವರು ನನ್ನ ಬೆನ್ನಿಗೆ ಕೊಳವೆ ಇಡಲೆಂದು ಜಡೆಯನ್ನು ಪಕ್ಕಕ್ಕೆ ಸರಿಸಿದರು. ಸರಿಸಿದ ಕೈ ಹಾಗೇ ನಿಂತಿತು. ಜಡೆಯನ್ನು ಮೂಗಿಗೆ ಹಿಡಿದರು.

"ಇದೇನಮ್ಮ ವಾಸನೆ? ಗುಡಿಯಲ್ಲಿ ಮಲಗ್ತೀರಾ?"

ಬುಟ್ಟಿಯ ವಿಷಯ ಹೇಳಿದೆ. ವಾರಕ್ಕೆ ಎಷ್ಟು ಸಲ, ಎಷ್ಟು ಹೊತ್ತು, ತಲೆ ಹೇಗಿಟ್ಟು, ಕೋಣೆಗೆ ಕಿಟಕಿ ಇದೆಯೇ, ಎಲ್ಲ ಕೇಳಿದರು. ತೀರ್ಥಹಳ್ಳಿಯಲ್ಲಿ ಹೇಗೆ ಒಣಗಿಸುತ್ತೀರಿ ಎಂದರು. ಅಮ್ಮ ಹಳೆಯ ಪಂಚೆಯಲ್ಲಿ ಹಿಂಡಿ, ಅಡಿಕೆ ಹಾಳೆಯ ಬೀಸಣಿಗೆಯಿಂದ ಬೀಸುತ್ತಾಳೆ ಎಂದೆ. ಹೇಳುತ್ತ ಹೇಳುತ್ತ ನನಗೆ ಮೈಯೆಲ್ಲ ಬಿಸಿಯಾಯಿತು. ಅವರು ಹೇಳುವ ಮೊದಲೇ ನನಗೆ ತಿಳಿದುಹೋಗಿತ್ತು. ಎರಡು ವರ್ಷ! ಎರಡು ವರ್ಷ ನಾನು ಕಾಯಿಲೆಯ ಮೇಲೇ ತಲೆಯಿಟ್ಟು ಮಲಗಿದ್ದೆ. ಪಕ್ಕದಲ್ಲಿ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಡಾಕ್ಟರು ಅವಳ ಕಡೆ ತಿರುಗಿ, ನಿಮ್ಮ ಮಗಳು ನಾಟಕ ಮಾಡುತ್ತಿಲ್ಲ ಎಂದು ಕೇಳದೆಯೇ ಹೇಳಿದರು. ಆ ಒಂದು ಮಾತಿಗೆ ನಾನು ಅವರಿಗೆ ಸಾಯುವವರೆಗೆ ಋಣಿ.

ಬರೆದುಕೊಟ್ಟದ್ದು ಒಂದು ಮಾತ್ರೆ, ಉಸಿರು ಕಟ್ಟಿದಾಗ ತೆಗೆದುಕೊಳ್ಳುವುದಕ್ಕೆ. ಹೇಳಿದ್ದು ಎರಡು ಮಾತು. ಹೊಗೆ ಇನ್ನು ಮೂಗಿನ ಹತ್ತಿರ ಸುಳಿಯಬಾರದು. ಮಳೆಗಾಲದಲ್ಲಿ ಇಷ್ಟು ಕೂದಲು ಹೊಗೆಯಿಲ್ಲದೆ ಒಣಗದಿದ್ದರೆ ಭುಜದವರೆಗೆ ಕತ್ತರಿಸಿಬಿಡಿ.

ಸಾಗರಕ್ಕೆ ಬಂದು ಹೇಳಿದೆ. ಅತ್ತೆ ಮೊದಲನೆಯ ಮಾತನ್ನು ನಂಬಲಿಲ್ಲ, ಎರಡನೆಯದನ್ನು ಕೇಳಿ ಎದ್ದು ನಿಂತರು. ದೇವರ ಮುಂದೆ ಹಾಕುವ ಧೂಪದಿಂದ ಕಾಯಿಲೆ ಬರುವುದುಂಟೇ ಎಂಬುದು ಅವರ ಪ್ರಶ್ನೆ. ಮಗ ಬದುಕಿರುವಾಗ ಸೊಸೆಯ ತಲೆಗೆ ಕತ್ತರಿ ಹಾಕುವುದು ಎಂದರೆ ಏನರ್ಥ, ಆ ಡಾಕ್ಟರಿಗೆ ಗೊತ್ತಿದೆಯೇ ಎಂದರು. ನಾನು ಮಗನ ಮುಖ ನೋಡಿದೆ. ಮಗ ಗೋಡೆಯ ಕ್ಯಾಲೆಂಡರು ನೋಡಿದರು.

"ನೋಡಾಣ," ಎಂದರು.

ಕೊನೆಗೆ ಒಂದು ಒಪ್ಪಂದವಾಯಿತು. ಹೊಗೆ ಬೇಡ, ಕತ್ತರಿಯೂ ಬೇಡ. ಬೇಸಿಗೆ ಚೆನ್ನಾಗಿಯೇ ಕಳೆಯಿತು. ಹಿತ್ತಲ ಬಿಸಿಲಿನಲ್ಲಿ ಕೂತು ಒಣಗಿಸಿಕೊಂಡೆ, ಮಾತ್ರೆಯ ಡಬ್ಬಿ ಮುಟ್ಟಲಿಲ್ಲ. ಅತ್ತೆ ದೂರದಿಂದ ನೋಡುತ್ತಿದ್ದರು, ಹತ್ತಿರ ಬರುತ್ತಿರಲಿಲ್ಲ. ಬುಟ್ಟಿ ಮತ್ತೆ ಪೆಟ್ಟಿಗೆಯ ಹಿಂದೆ ಸೇರಿತ್ತು. ಆಷಾಢ ಬಂತು. ಹದಿನೈದು ದಿನ ಸೂರ್ಯನ ಮುಖ ಕಾಣಲಿಲ್ಲ. ಮಂಗಳವಾರ ಮಿಂದ ಕೂದಲು ಗುರುವಾರವೂ ಬುಡದಲ್ಲಿ ತೇವ. ಜಡೆ ಹಾಕಿದರೆ ಮುಗ್ಗಲು ವಾಸನೆ. ಹಾಳೆ ಬೀಸಣಿಗೆಯಲ್ಲಿ ನಾನೊಬ್ಬಳೇ ಎಷ್ಟೆಂದು ಬೀಸಿಕೊಳ್ಳಲಿ, ಕೈ ಸೋಲುತ್ತಿತ್ತು. ಅತ್ತೆ ದಿನವೂ ನನ್ನ ನೆತ್ತಿಯನ್ನೇ ನೋಡುತ್ತಿದ್ದರು, ಥಂಡಿ ಇಳಿಯುತ್ತದೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಒಂದು ಶುಕ್ರವಾರ ಮಧ್ಯಾಹ್ನ ಊಟವಾಗಿ, ಒದ್ದೆ ಕೂದಲನ್ನು ಚಾಪೆಯ ಆಚೆ ಹರವಿ ಮಲಗಿದವಳಿಗೆ ಜೊಂಪು ಹತ್ತಿತು. ಅತ್ತೆ ಸದ್ದಿಲ್ಲದೆ ಕೆಂಡ ತಂದರು, ಹಾಲುಮಡ್ಡಿ ಹಾಕಿದರು, ಬುಟ್ಟಿ ಬೋರಲು ಹಾಕಿ ನನ್ನ ಕೂದಲನ್ನು ಎತ್ತಿ ಅದರ ಮೇಲಿಟ್ಟರು. ಮಳೆ ಎರಚುತ್ತದೆಂದು ಕಿಟಕಿ, ಬಾಗಿಲು ಎಲ್ಲ ಹಾಕಿತ್ತು.

ಎಚ್ಚರವಾದಾಗ ಕೋಣೆ ಬೆಳ್ಳಗಿತ್ತು. ಉಸಿರು ಎಳೆದೆ, ಬರಲಿಲ್ಲ. ಮತ್ತೆ ಎಳೆದೆ, ಬರಲಿಲ್ಲ. ಎದ್ದು ಬಾಗಿಲಿಗೆ ಹೋಗುವಷ್ಟರಲ್ಲಿ ಕಾಲು ಕುಸಿಯಿತು. ಅತ್ತೆಯ ಮುಖ ನನ್ನ ಮೇಲೆ ಬಾಗಿದ್ದು ಕಂಡಿತು, ಏನೋ ಕೂಗುತ್ತಿದ್ದರು, ಕೇಳಿಸುತ್ತಿರಲಿಲ್ಲ. ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು ದೇವರಲ್ಲ, ಗಂಡನಲ್ಲ. ಸಿಟ್ಟು. ಮಾತ್ರೆಯ ಡಬ್ಬಿಯವರೆಗೆ ನಾನು ತೆವಳಿಕೊಂಡು ಹೋದದ್ದು ಆ ಸಿಟ್ಟಿನಿಂದಲೇ.

ಅತ್ತೆ ಮಡಿ ಸೀರೆಯಲ್ಲೇ, ಸೆರಗು ಜಾರಿದ ತಲೆಯಲ್ಲೇ, ಮಳೆಯಲ್ಲಿ ಬಸ್ ಸ್ಟ್ಯಾಂಡಿಗೆ ಓಡಿದರಂತೆ. ಹಗಲು ಹೊತ್ತು ಬೀದಿಗೆ ಇಳಿಯದ ಹೆಂಗಸು. ಹೊಸನಗರಕ್ಕೆ ಹೊರಟು ನಿಂತಿದ್ದ ಬಸ್ಸಿನ ಡ್ರೈವರು ವಿಷಯ ಕೇಳಿ, ಜನ ತುಂಬಿದ ಬಸ್ಸನ್ನೇ ನಮ್ಮ ಬೀದಿಗೆ ತಿರುಗಿಸಿದರು. ನಮ್ಮ ಮನೆಯವರು ನನ್ನನ್ನು ಎತ್ತಿ ಹತ್ತಿಸಿದರು. ಬಸ್ಸು ಆಸ್ಪತ್ರೆಗೆ ಹೋಗಿ ನಿಂತಿತು. ಸೀಟಿನಲ್ಲಿದ್ದವರಲ್ಲಿ ಒಬ್ಬರೂ ತಡವಾಯಿತು ಎನ್ನಲಿಲ್ಲ. ಕೋಳಿ ಹಿಡಿದು ಕೂತಿದ್ದ ಒಬ್ಬ ತನ್ನ ಕಂಬಳಿ ಮಡಿಸಿ ನನ್ನ ಬೆನ್ನಿಗೆ ಇಟ್ಟ.

ಮೂರು ದಿನ ಆಸ್ಪತ್ರೆಯಲ್ಲಿದ್ದೆ. ಸೂಜಿಯ ಮೇಲೆ ಸೂಜಿ. ಮೊದಲ ದಿನ ಒಬ್ಬಳು ಆಯಾ ನನ್ನ ದಿಂಬಿನ ಹತ್ತಿರ ಮೂಸಿ ನೋಡಿ, ನಿನ್ನ ಕೂದಲಲ್ಲೇ ಹೊಗೆ ತುಂಬಿಕೊಂಡಿದೆಯಲ್ಲೇ ಎಂದು ಬಕೆಟ್ಟು ತಂದು, ಮಲಗಿದಲ್ಲೇ ತಲೆ ತೊಳೆದು, ಒದ್ದೆ ಟವೆಲಿನಲ್ಲಿ ಸುತ್ತಿ ಕಟ್ಟಿದಳು. ನನ್ನ ಎದೆಯ ಒಳ್ಳೆಯದಕ್ಕೆಂದು ಯಾರಾದರೂ ನನ್ನ ತಲೆ ಒದ್ದೆ ಮಾಡಿದ್ದು ಅದೇ ಮೊದಲು. ಅವಳು ಟವೆಲು ಬಿಗಿದ ಮೇಲೆ ನನಗೆ ನಿದ್ದೆ ಬಂತು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲು ಪೆಟ್ಟಿಗೆಯ ಹಿಂದಿನಿಂದ ಬುಟ್ಟಿ ಎಳೆದೆ. ಕಾಲಿನಿಂದ ತುಳಿದು, ಮುರಿದು, ಬಚ್ಚಲ ಒಲೆಗೆ ತುರುಕಿ, ಹೊಗೆ ತಾಗದಷ್ಟು ದೂರ ಹೋಗಿ ನಿಂತು ಉರಿಯುವುದನ್ನು ನೋಡಿದೆ. ಅತ್ತೆ ಅಡಿಗೆಮನೆಯ ಬಾಗಿಲಿನಲ್ಲಿ ನಿಂತಿದ್ದರು. ತಡೆಯಲಿಲ್ಲ. ಪೂರ್ತಿ ಸುಟ್ಟ ಮೇಲೆ, ಅದು ತಮ್ಮ ತವರಿನಿಂದ ಬಂದದ್ದು ಎಂದು ಹೇಳಿದರು. ಮದುವೆಯಾದ ಮೇಲೆ ಹದಿನೈದು ವರ್ಷ ತಮ್ಮ ಕೂದಲು ಅದರ ಮೇಲೆ ಒಣಗಿತ್ತಂತೆ. ನನ್ನಷ್ಟೇ ಉದ್ದ ಇತ್ತಂತೆ. ಗಂಡ ಸತ್ತ ಹತ್ತನೆಯ ದಿನ ಕ್ಷೌರದವನನ್ನು ಕರೆಸಿದವರು ದೊಡ್ಡಪ್ಪ. ಕೆಲಸ ಮುಗಿದ ಮೇಲೆ, ಇನ್ನು ಆ ಬುಟ್ಟಿ ಎಂತಕ್ಕೆ, ಎಸೀರಿ ಎಂದವರೂ ದೊಡ್ಡಪ್ಪನೇ. ಅತ್ತೆ ಅದನ್ನು ಕಟ್ಟಿಗೆಯ ರಾಶಿಯ ಹಿಂದೆ ಬಚ್ಚಿಟ್ಟಿದ್ದರು.

ಬುಟ್ಟಿ ಸುಟ್ಟದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಪ್ರೀತಿಯಿಂದ ಮಾಡಿದರು ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಪ್ರೀತಿಯಿಂದ ಹಾಕಿದ ಹೊಗೆಯೂ ಗಂಟಲಿಗೆ ಹೊಗೆಯೇ. ಆದರೆ ಆ ದಿನ ಆ ಮಾತು ಕೇಳಿದಾಗ ನನ್ನ ಸಿಟ್ಟಿನ ಅರ್ಧ ಪಾಲು ಅತ್ತೆಯಿಂದ ಎದ್ದು ಹೊಸನಗರದ ಕಡೆ ಹೊರಟಿತು. ಉಳಿದ ಅರ್ಧ ಇಟ್ಟುಕೊಂಡು ನಾನು ಹದಿನೈದು ದಿನ ಅವರ ಹತ್ತಿರ ಮಾತಾಡಲಿಲ್ಲ.

ಅಷ್ಟರಲ್ಲಿ ದೊಡ್ಡಪ್ಪ ಬಂದರು. ಸೊಸೆಯನ್ನು ತವರಿಗೆ ಕಳಿಸಿ ಬಿಡುವುದು, ಮುಂದಿನದನ್ನು ಆಮೇಲೆ ಯೋಚಿಸುವುದು ಎಂದು ತೀರ್ಮಾನ ಕೊಟ್ಟು ಹೋದರು. ಮುಂದಿನದು ಎಂದರೆ ಇನ್ನೊಂದು ಮದುವೆ ಎಂದು ಬೀದಿಗೆಲ್ಲ ಗೊತ್ತಿತ್ತು. ನಮ್ಮ ಮನೆಯವರು ಸೋಮವಾರದ ತೀರ್ಥಹಳ್ಳಿ ಬಸ್ಸಿಗೆಂದು ನನ್ನ ಟ್ರಂಕನ್ನು ಅಟ್ಟದಿಂದ ಇಳಿಸಿ ಇಟ್ಟರು. ಸ್ವಲ್ಪ ದಿನಕ್ಕೆ ಅಷ್ಟೇ ಎಂದರು. ಕೂದಲು ಕತ್ತರಿಸಿದರೆ ನಾನು ಇಲ್ಲೇ ಉಸಿರಾಡಬಲ್ಲೆ ಎಂದೆ. ತಮ್ಮ ಅಮ್ಮನಿಗೆ ಬೇಜಾರಾಗುತ್ತದೆ ಎಂದರು.

ಭಾನುವಾರ ಬೆಳಿಗ್ಗೆ ತಿಮ್ಮಪ್ಪ ಹಿತ್ತಲಿಗೆ ಬಂದ. ಅತ್ತೆ ಕಲ್ಲಿನ ಮೇಲೆ ಕೂತು ತಲೆಗೆ ನೀರು ಹಾಕಿಕೊಂಡಿದ್ದರು. ಅವನು ಕತ್ತಿ ಮಸೆಯುತ್ತಿದ್ದ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನಾನು ಆ ಹೊತ್ತಿನಲ್ಲಿ ಹಿತ್ತಲ ಬಾಗಿಲು ದಾಟಿದೆ. ಕೈಯಲ್ಲಿ ಬಟ್ಟೆ ಕತ್ತರಿಸುವ ಕತ್ತರಿ ಇತ್ತು. ಜಡೆ ಬಿಚ್ಚಿ, ಅವನೆದುರು ನೆಲದ ಮೇಲೆ ಬೆನ್ನು ಹಾಕಿ ಕೂತು, ಭುಜದವರೆಗೆ ಕತ್ತರಿಸು ಎಂದೆ.

ತಿಮ್ಮಪ್ಪ ಕತ್ತಿ ಕೆಳಗಿಟ್ಟ. "ಬ್ಯಾಡ ಅಮ್ಮ. ನನ್ ಕೈಲಿ ಮುತ್ತೈದೆ ತಲೆಗೆ ಕತ್ರಿ ಹಾಕ್ಸಬ್ಯಾಡಿ," ಎಂದ.

"ಹಾಗಾದ್ರೆ ನಾನೇ ಹಾಕ್ಕೊಳ್ತೀನಿ," ಎಂದು ಒಂದು ಹಿಡಿ ಕೂದಲು ಎತ್ತಿದೆ. ಹಿಂದಿನಿಂದ ಒಂದು ಒದ್ದೆ ಕೈ ಬಂದು ಕತ್ತರಿಯನ್ನು ಹಿಡಿಯಿತು. ಕಸಿದುಕೊಳ್ಳುತ್ತಾರೆ ಎಂದುಕೊಂಡು ನಾನು ಬಿಗಿಯಾಗಿ ಹಿಡಿದೆ.

"ಬಿಡು, ಸೊಟ್ಟ ಆಗುತ್ತೆ," ಎಂದರು ಅತ್ತೆ. ಕತ್ತರಿಯನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡರು. "ನನ್ನ ಯಾರೂ ಕೇಳ್ಲಿಲ್ಲ ಗೌರಿ. ನೀನು ನಿನ್ ಬಾಯಲ್ಲಿ ಬೇಕು ಅಂತಿದೀಯ. ನಾ ಮಾಡ್ತೀನಿ."

ಬಾಚಣಿಗೆಯಿಂದ ಬೈತಲೆ ತೆಗೆದು, ಎರಡು ಭಾಗ ಮಾಡಿ, ಅಳತೆ ನೋಡಿ ಕತ್ತರಿಸಿದರು. ಅವಸರ ಮಾಡಲಿಲ್ಲ. ಕಪ್ಪನೆಯ ರಾಶಿ ಅವರ ಕಾಲ ಹತ್ತಿರ ಬಿತ್ತು. ನನ್ನ ಕುತ್ತಿಗೆ ಹಗುರಾಗಿ, ತಲೆ ಮುಂದಕ್ಕೆ ಬಾಗಿತು. ಮುಗಿದ ಮೇಲೆ ಕತ್ತರಿಯನ್ನು ನನ್ನ ಕೈಗೆ ಕೊಟ್ಟು, ಮತ್ತೆ ಕತ್ತಿ ಎತ್ತಿಕೊಂಡ ತಿಮ್ಮಪ್ಪನ ಕಡೆ ತಿರುಗಿದರು.

"ಇವತ್ತು ಬೇಡ. ಹೋಗಿ ಬಾ."

ಒಳಗೆ ಬಂದರೆ ನಮ್ಮ ಮನೆಯವರು ನನ್ನನ್ನು ನೋಡಿದರು, ತಮ್ಮ ಅಮ್ಮನ ಕೈಯಲ್ಲಿದ್ದ ಬಾಚಣಿಗೆ ನೋಡಿದರು. ಬಾಯಿ ತೆರೆದರು. ಅದೇ ಮಾತು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಟ್ರಂಕನ್ನು ಎತ್ತಿ ಮೊದಲಿದ್ದ ಜಾಗದಲ್ಲಿ ಇಟ್ಟು ಆಫೀಸಿಗೆ ಹೋದರು. ದೊಡ್ಡಪ್ಪ ಒಂದು ಕಾಗದ ಬರೆದರು. ಅದರಲ್ಲಿ ಏನಿತ್ತೆಂದು ಇಲ್ಲಿ ಬರೆಯಲಾರೆ, ಬರೆದರೆ ಈ ರಾತ್ರಿ ಮಾತ್ರೆ ಬೇಕಾಗುತ್ತದೆ. ಆಮೇಲೆ ಅವರು ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ನಾವೂ ಕರೆಯಲಿಲ್ಲ.

ಉಬ್ಬಸ ಪೂರ್ತಿ ಹೋಗಿಲ್ಲ. ಮಾತ್ರೆಯ ಡಬ್ಬಿ ಸೊಂಟದಲ್ಲಿ ಇದ್ದೇ ಇರುತ್ತದೆ, ಮದುವೆ ಮನೆಯಲ್ಲಿ ಹೋಮ ಶುರುವಾದರೆ ನಾನು ಎದ್ದು ಹೊರಗೆ ಬರುತ್ತೇನೆ. ಏನಾದರೂ ಅಂದುಕೊಳ್ಳಲಿ. ಕೂದಲು ಭುಜ ದಾಟಲು ಬಿಟ್ಟಿಲ್ಲ. ಹಳೆಯ ಪಂಚೆಯಲ್ಲಿ ಒತ್ತಿ ನೀರು ತೆಗೆದು, ಬುಡ ಮೇಲೆತ್ತಿ ಹಿಡಿದು ಬೀಸಿದರೆ ಹತ್ತು ನಿಮಿಷದಲ್ಲಿ ಒಣಗುತ್ತದೆ. ಬುಟ್ಟಿಯ ಮೇಲೆ ಒಣಗಿದ್ದಕ್ಕಿಂತ ನುಣುಪಾಗಿರುತ್ತದೆ, ಪುಟಿಯುವುದೂ ಹೆಚ್ಚು. ಹೊಗೆ ಬೇಕೇ ಇರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಹೊಸದಾಗಿ ಸಿಟ್ಟು ಬರುತ್ತದೆ.

ತಿಮ್ಮಪ್ಪ ಮುಂದಿನ ತಿಂಗಳು ಬಂದ. ಇವತ್ತು ಬೇಡ ಎಂದರು ಅತ್ತೆ. ಅದರ ಮುಂದಿನ ತಿಂಗಳೂ ಬಂದ, ಆಗಲೂ ಅದೇ ಮಾತು. ಇನ್ನು ಯಾವತ್ತೂ ಬೇಡ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಅವನೇ ಬರುವುದು ನಿಲ್ಲಿಸಿದ. ಸಂಕ್ರಾಂತಿಯ ಹೊತ್ತಿಗೆ ಕೆಂಪು ಸೆರಗಿನ ಅಡಿಯಲ್ಲಿ ಎರಡು ಬೆರಳಿನಷ್ಟು ಬಿಳಿ ಕೂದಲು ಬಂದಿತ್ತು.

ಒಂದು ಶುಕ್ರವಾರ ಮಿಂದು ಬಂದವರು, ನನ್ನ ಮುಂದೆ ಬೆನ್ನು ಹಾಕಿ ಕೂತು, ಹಾಳೆ ಬೀಸಣಿಗೆಯನ್ನು ಹಿಂದಕ್ಕೆ ಚಾಚಿದರು. ನಾನು ಬೆರಳು ಹಾಕಿ ಆ ಗಿಡ್ಡ ಕೂದಲನ್ನು ಬಿಡಿಸುತ್ತ ಬೀಸಿದೆ. ಅಷ್ಟು ಕೂದಲು ಒಣಗಲು ಎಷ್ಟು ಹೊತ್ತು ಬೇಕು, ಎರಡು ನಿಮಿಷ ಹೆಚ್ಚಾಯಿತು.

"ಒಣಗಿತೇನೇ?" ಎಂದು ಕೇಳಿದರು.

"ಇಲ್ಲ, ಬುಡ ಇನ್ನೂ ಹಸಿ ಇದೆ," ಎಂದು ನಾನು ಬೀಸುತ್ತಲೇ ಇದ್ದೆ.